ದಾವಣಗೆರೆಯ ಕಡಲು

"ಸಾಮ್ಯಾಂಕ ತೊಂಬತ್ತೊಂಬತ್ತು. ಎಲ್ಲವೂ ಸರಿಯಾಗಿದೆ," ಎಂದು ಪೆಟ್ಟಿಗೆ ಹೇಳಿತು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಹೀಗೆ ವರದಿ ಒಪ್ಪಿಸುವುದು ಅದರ ಪದ್ಧತಿ. ಅದರ ಕೆಳಗಿನ ಆರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ, ನೀಲಿ ಮೈಮೇಲೆ ಹಳದಿ ಗೀರುಗಳಿರುವ ಅಂಗೈಗಿಂತ ದೊಡ್ಡ ಮೀನೊಂದು ಕಲ್ಲಿನ ಸಂದಿಗೆ ಮೂತಿ ಒತ್ತಿಕೊಂಡು ಏದುಸಿರು ಬಿಡುತ್ತಿತ್ತು.

"ಸರಿಯಾಗಿದೆಯಂತೆ! ನಿನ್ನ ಬಾಯಿಗೆ ಮಣ್ಣು ಹಾಕ," ಎಂದು ಖಮರುನ್ನಿಸಾ ಪೆಟ್ಟಿಗೆಗೆ ಬೈದಳು. ಆಕೆಯ ಕೈಯಲ್ಲಿದ್ದ ಪಾಲಕ್ ಎಲೆಯನ್ನು ಮೀನು ಆರನೆಯ ದಿನವೂ ಮೂಸಿ ನೋಡಲಿಲ್ಲ.

ಖಮರುನ್ನಿಸಾಳಿಗೆ ಐವತ್ತೆರಡು ವರ್ಷ. ಗಂಡ ಗೌಸ್‌ಸಾಬ್ ಜೊತೆ ಸೇರಿ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದಳು. ಇದು ಎರಡು ಸಾವಿರದ ಅರವತ್ತೊಂದನೆಯ ಇಸವಿಯ ಮಾತು. ಅಷ್ಟು ಹೊತ್ತಿಗೆ ಆ ಊರಿಗೆ ಬಾರದ ಯಂತ್ರವಿರಲಿಲ್ಲ, ಆದರೆ ಯಂತ್ರದಲ್ಲಿ ಮಾಡಿದ ಮಂಡಕ್ಕಿಯನ್ನು ದಾವಣಗೆರೆಯವರು ಬಾಯಿಗಿಟ್ಟು ಉಗುಳಿದ್ದರಿಂದ ಭಟ್ಟಿಗಳು ಉಳಿದುಕೊಂಡಿದ್ದವು. ಗೌಸ್‌ಸಾಬ್‌ನದು ಬೆಂಕಿಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಕೆಲಸ. ಅದಕ್ಕೂ ಮೊದಲು ಅಕ್ಕಿಗೆ ಉಪ್ಪುನೀರು ಹಿಡಿಸಿ ಹದಕ್ಕೆ ತರುವುದು ಖಮರುನ್ನಿಸಾಳ ಪಾಲಿನದು. ಉಪ್ಪು ತುಸು ಹೆಚ್ಚಾದರೂ, ಬಿಸಿ ತುಸು ಕಡಿಮೆಯಾದರೂ ಅಕ್ಕಿ ಅರಳದೆ ಹರಳಿನಂತೆ ಕೂತುಬಿಡುತ್ತದೆ. ಹದ ಅಳೆಯುವುದಕ್ಕೆ ಪೇಟೆಯಲ್ಲಿ ಮಾಪಕಗಳು ಸಿಗುತ್ತಿದ್ದವು. ಆಕೆ ತನ್ನ ನಾಲಿಗೆಯ ತುದಿ ಮತ್ತು ಮಣಿಕಟ್ಟು ಬಿಟ್ಟು ಬೇರೆ ಯಾವುದನ್ನೂ ನಂಬಿದವಳಲ್ಲ.

ಇಂಥವಳ ಮನೆಗೆ ಕಡಲಿನ ಮೀನು ಹೇಗೆ ಬಂತು ಎನ್ನುವುದನ್ನು ಹೇಳಬೇಕು. ಜಗತ್ತೆಲ್ಲ ಏಂಜೆಲ್ ಮೀನು ಎಂದು ಕರೆಯುವ, ನಮ್ಮ ವಿಜ್ಞಾನಿಗಳು ಕಿನ್ನರಿ ಮೀನು ಎಂದು ಹೆಸರಿಟ್ಟ ಈ ಜಾತಿ ಅರಬ್ಬಿ ಸಮುದ್ರದಲ್ಲಿ ಬೆರಳೆಣಿಕೆಗೆ ಬಂದಿತ್ತು. ಕರಾವಳಿಯ ತೊಟ್ಟಿಗಳಲ್ಲಿ ಸಾಕೋಣವೆಂದರೆ ಅಲ್ಲಿನ ನೀರಿನ ತುಂಬ ಮೀನಿನ ರೋಗಗಳು. ಆದ್ದರಿಂದ ಕರಾವಳಿಯ ಸಂಶೋಧನಾ ಕೇಂದ್ರವೊಂದು 'ಆಸರೆಮನೆ' ಎಂಬ ಯೋಜನೆ ಮಾಡಿತು. ಕಡಲಿನಿಂದ ದೂರವಿರುವ ಊರುಗಳ ಮುನ್ನೂರ ಹನ್ನೆರಡು ಮನೆಗಳಿಗೆ ಒಂದೊಂದು ಕಿನ್ನರಿ. ಕಡಲು ಸುಧಾರಿಸುವ ತನಕ ಸಾಕುವುದು ಮನೆಯವರ ಜವಾಬ್ದಾರಿ.

ಆದರೆ ಉಪ್ಪುನೀರಿನ ಮೀನು ಸಾಕುವುದು ಹುಡುಗಾಟವಲ್ಲ. ಸಿಹಿನೀರಿನ ಮೀನು ನಮ್ಮ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಕಿನ್ನರಿ ಒಂದನ್ನೂ ಹಾಕಿಕೊಳ್ಳುವುದಿಲ್ಲ. ಉಪ್ಪು, ಬಿಸಿ, ಪ್ರಾಣವಾಯು, ಬೆಳಕು ಇವುಗಳಲ್ಲಿ ಒಂದು ಏರುಪೇರಾದರೂ ಊಟ ಬಿಡುತ್ತದೆ. ಪುಸ್ತಕದಲ್ಲಿರುವ ಅಂಕಿಗಳನ್ನು ಹಿಡಿದು ಸಾಕಿದವರೆಲ್ಲ ಸೋತಿದ್ದರು. ಆಗ ಕೇಂದ್ರದ ವಿಜ್ಞಾನಿ ಡಾ. ದೇವಿದಾಸ ಹರಿಕಂತ್ರನಿಗೆ ಒಂದು ಯೋಚನೆ ಹೊಳೆಯಿತು. ಮೀನಿಗೆ ಏನು ಬೇಕೆಂದು ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಅದು ಕಡಲಿಗೇ ಗೊತ್ತಲ್ಲ! ಹಾಲುಗಲ್ಲು ಎಂಬ ಪುಟ್ಟ ದ್ವೀಪದ ಪಕ್ಕ, ಹವಳದ ಬಂಡೆಗಳ ನಡುವೆ ಆತ ಒಂದು 'ಕಡಲಗೂಟ' ನೆಟ್ಟ. ಆ ಗೂಟ ಅಲ್ಲಿನ ನೀರಿನ ಬಿಸಿ, ಉಪ್ಪು, ಬೆಳಕು, ಸೆಳವು ಎಲ್ಲವನ್ನೂ ಕ್ಷಣಕ್ಷಣವೂ ಅಳೆದು ಕಳಿಸುತ್ತದೆ. ಮನೆಯ ತೊಟ್ಟಿಯ ಮೇಲಿನ 'ಜೋಡಿಕಡಲು' ಎಂಬ ಪೆಟ್ಟಿಗೆ ಆ ಲೆಕ್ಕದ ಪ್ರಕಾರ ತೊಟ್ಟಿಯ ನೀರನ್ನು ಬದಲಿಸುತ್ತ ಹೋಗುತ್ತದೆ. ಅಲ್ಲಿ ಮೋಡ ಕವಿದರೆ ದಾವಣಗೆರೆಯ ತೊಟ್ಟಿಯಲ್ಲೂ ಮಬ್ಬು. ತೊಟ್ಟಿಯ ನೀರು ಕಡಲಿನ ನೀರಿಗೆ ಎಷ್ಟು ಹೋಲುತ್ತದೆ ಎಂಬುದಕ್ಕೆ ನೂರರಲ್ಲಿ ಒಂದು ಅಂಕ ಕೊಡುತ್ತದೆ. ಅದೇ ಸಾಮ್ಯಾಂಕ. ಮನೆಯವರು ಮೇವು ಹಾಕಿ ಗಾಜು ಒರೆಸಿದರೆ ಮುಗಿಯಿತು.

ದಾವಣಗೆರೆಯ ಪಾಲಿಗೆ ಬಂದ ಕಿನ್ನರಿ ಮೊದಲು ಒಬ್ಬ ಪ್ರಿನ್ಸಿಪಾಲರ ಮನೆಯಲ್ಲಿತ್ತು. ಅವರಿಗೆ ಬೇಸರ ಬಂದು ವಾಪಸು ಕೊಡಹೊರಟಾಗ ಖಮರುನ್ನಿಸಾ, "ನಂಗೆ ಕೊಡ್ರಿ," ಎಂದು ಯೋಜನೆಯ ಕಚೇರಿಯ ಮುಂದೆ ನಿಂತಳು. ಭಟ್ಟಿಯ ಹೊಗೆಯಲ್ಲಿ ಕಿನ್ನರಿಯೇ ಎಂದು ಅಲ್ಲಿದ್ದವರು ನಕ್ಕರು. ಆಕೆ ಹನ್ನೊಂದು ಸಲ ಹೋದಳು. ಹನ್ನೆರಡನೆಯ ಸಲ ಬರುವುದು ಬೇಡವೆಂದೇ ಅವರು ಕೊಟ್ಟಿರಬೇಕು. ಹುಟ್ಟಿದಾಗಿನಿಂದ ಉಪಯೋಗಕ್ಕೆ ಬರುವ ವಸ್ತುಗಳ ಜೊತೆಗೇ ಬದುಕಿದ ಹೆಂಗಸು, ಬರೀ ಚೆಂದಕ್ಕಾಗಿ ಒಂದನ್ನು ಆಸೆಪಟ್ಟು ಪಡೆದದ್ದು ಅದೇ ಮೊದಲು. ಮೀನಿಗೆ ಬೇಗಂ ಎಂದು ಹೆಸರಿಟ್ಟಳು. ಬೇಗಂಗೂ ಇವಳ ಗುರುತು ಸಿಕ್ಕಿತು. ಜನವರಿಯಲ್ಲಿ ಬಂದದ್ದು ಫೆಬ್ರವರಿ ಹೊತ್ತಿಗೆ ಅವಳ ಬೆರಳಿಂದಲೇ ಎಲೆ ಕಿತ್ತು ತಿನ್ನುತ್ತಿತ್ತು, ತಡವಾದರೆ ಗಾಜಿನ ಬಳಿ ಬಂದು ಗಂಟಲಿನಿಂದ ಗುಟ್ ಗುಟ್ ಎಂದು ಸದ್ದು ಮಾಡಿ ಕರೆಯುತ್ತಿತ್ತು.

ಈಗ ಅದು ಕರೆಯುತ್ತಿರಲಿಲ್ಲ. ಯೋಜನೆಯ ನಿಯಮವೂ ಕಠಿಣವಾಗಿತ್ತು. ಹತ್ತು ದಿನ ಮೇವು ಬಿಟ್ಟ ಮೀನನ್ನು ಕೇಂದ್ರ ಹಿಂದಕ್ಕೆ ಒಯ್ಯತಕ್ಕದ್ದು.

"ಒಯ್ದರೆ ಒಯ್ಯಲಿ ಬಿಡು. ಅವರ ಮೀನು, ಅವರ ಹಣೆಬರಹ," ಎಂದ ಗೌಸ್‌ಸಾಬ್. ಮನೆಯೊಳಗೆ ಗಂಡಹೆಂಡಿರ ಮಾತು ಉರ್ದುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.

"ಅಲ್ಲಿಗೆ ಹೋದದ್ದು ಒಂದಾದರೂ ಬದುಕಿದೆಯಾ ಕೇಳಿದ್ದೀಯಾ? ನಾನು ಕೇಳಿದ್ದೇನೆ. ಒಂದೂ ಇಲ್ಲ. ನಾನು ಕೊಡೋದಿಲ್ಲ."

"ನೀನು ಒಮ್ಮೆ ಹಿಡಿದೆಯೆಂದರೆ ಉಡವೇ," ಎಂದು ಗೊಣಗುತ್ತ ಆತ ಭಟ್ಟಿಗೆ ಹೋದ.

ಅಂದು ಮಧ್ಯಾಹ್ನ ದೇವಿದಾಸ ಹರಿಕಂತ್ರ ಬಂದ. ನಲವತ್ತರ ಆಸುಪಾಸಿನ, ಬಿಸಿಲಿಗೆ ಮೈ ಕಪ್ಪಾದ, ಒಳ್ಳೆಯ ಮನುಷ್ಯ. ಅಪ್ಪ ಅಜ್ಜ ಎಲ್ಲ ಬಲೆ ಬೀಸಿದವರೇ. ಮನೆತನದಲ್ಲಿ ಕಡಲನ್ನು ಓದಿ ತಿಳಿದವನು ಇವನೊಬ್ಬನೇ. ತನ್ನ ಪೆಟ್ಟಿಗೆಯ ಮೇಲೆ ಅವನಿಗೆ ಹೆತ್ತ ಮಗುವಿನಷ್ಟೇ ಮೋಹ, ಅಷ್ಟೇ ಕುರುಡು.

"ಸಾಮ್ಯಾಂಕ ತೊಂಬತ್ತೊಂಬತ್ತು ಉಂಟು," ಎಂದು ಅವನು ಅಂಕಿಗಳನ್ನು ನೋಡಿ ತಲೆದೂಗಿದ. "ಅಂದರೆ ನೀರಿನಲ್ಲಿ ದೋಷ ಇಲ್ಲ. ಹಾಗಾದ್ರೆ ದೋಷ ಮನೆಯದ್ದೇ ಆಗಬೇಕು. ಅಮ್ಮಾ, ಬೇಸರ ಮಾಡ್ಕೊಳ್ಬೇಡಿ, ಒಂದೊಂದಾಗಿ ಕೇಳ್ತೇನೆ. ಭಟ್ಟಿಯ ಹೊಗೆ ಒಳಗೆ ಬರ್ತದಾ?"

"ಗಾಳಿ ಆ ಕಡೆ ಬೀಸತೈತ್ರಿ, ಹೊಗಿ ಬರಲ್ಲ."

"ಕೈಗೆ ಎಣ್ಣೆ, ಸೋಪು?"

"ಮೂರು ಸಲ ತೊಳ್ಕೊಂಡೇ ಕೈ ಹಾಕ್ತೀನ್ರಿ."

"ಲೋಬಾನ? ಸೊಳ್ಳೆ ಔಷಧ?"

"ಮೀನು ಬಂದ ಮೇಲೆ ಎರಡೂ ಬಂದ್ ಮಾಡೀನ್ರಿ. ಸೊಳ್ಳಿ ನಮ್ಮನ್ನ ತಿಂದು ಹಾಕ್ತಾವೆ."

"ಮತ್ತೆ ತೊಟ್ಟಿಗೆ ಬೇರೆ ಎಂತದಾದ್ರೂ ಹಾಕಿದ್ದೀರಾ?"

ಖಮರುನ್ನಿಸಾ ತಡವರಿಸಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಒಂದು ಹಿಡಿ ಉಪ್ಪು ಹಾಕೀನ್ರಿ."

"ಉಪ್ಪು!"

"ನಜರ್ ಆಗೈತೆ ಅಂತ ನಮ್ಮ ಪಕ್ಕದ ಮನಿಯಾಕಿ ಅಂದ್ಳು. ಓಣಿ ಮಂದಿಯೆಲ್ಲ ಬಂದು ಬಂದು ನೋಡ್ತಾರಲ್ರಿ. ಉಪ್ಪು ಮೆಣಸಿನಕಾಯಿ ಹಿಡಿದು ಮೂರು ಸಲ ಇಳಿ ತೆಗೆದೆ. ಮೆಣಸಿನಕಾಯಿ ಭಟ್ಟಿ ಬೆಂಕಿಗೆ ಹಾಕ್ದೆ. ಉಪ್ಪು ನೀರಿಗೆ ಹಾಕಬೇಕಲ್ರಿ, ಎದುರಿಗೇ ಉಪ್ಪುನೀರು ಐತಲ್ಲ ಅಂತ..." ಆಕೆಯ ಮುಖ ಕೆಂಪಗಾಗಿತ್ತು.

ದೇವಿದಾಸನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೃಷ್ಟಿ ತೆಗೆದ ಉಪ್ಪನ್ನು ಯಾರಾದರೂ ದೃಷ್ಟಿಯಾದವನ ಬಾಯಿಗೇ ಹಾಕುತ್ತಾರೆಯೇ? ಆದರೂ ಅವನಿಗೆ ಒಳಗೊಳಗೆ ನೆಮ್ಮದಿಯಾಯಿತು. ಅಪರಾಧಿ ಸಿಕ್ಕಿತಲ್ಲ! ಪೆಟ್ಟಿಗೆಯ ದಾಖಲೆ ತೆಗೆದು ಆ ದಿನವನ್ನು ಹುಡುಕಿದ. ನೋಡುತ್ತ ನೋಡುತ್ತ ಅವನ ಮುಖ ಇಳಿಯಿತು. ಏಳುನೂರು ಲೀಟರ್ ನೀರಿಗೆ ಒಂದು ಹಿಡಿ ಉಪ್ಪು ಏನೇನೂ ಅಲ್ಲ. ಅದನ್ನೂ ಪೆಟ್ಟಿಗೆ ನಾಲ್ಕೇ ನಿಮಿಷದಲ್ಲಿ ಸರಿದೂಗಿಸಿತ್ತು. ಮೇಲಾಗಿ ಮೀನು ಮೇವು ಬಿಟ್ಟ ಮೂರನೆಯ ದಿನ ಉಪ್ಪು ಬಿದ್ದಿತ್ತು, ಮೊದಲಲ್ಲ.

"ಇದರಿಂದ ಅಲ್ಲ," ಎಂದು ಅವನು ಒಪ್ಪಿಕೊಂಡ.

"ಹಂಗಾದ್ರೆ ನಾನೊಂದು ಮಾತು ಹೇಳ್ಲಾ ಸಾಹೇಬ್ರೆ?" ಖಮರುನ್ನಿಸಾ ತೋಳು ಮೇಲೇರಿಸಿ ಮಣಿಕಟ್ಟನ್ನು ನೀರಿಗೆ ಇಳಿಸಿದಳು. "ನೀರು ಬಿಸಿ ಐತ್ರಿ. ಬೇಗಂ ಬಂದಾಗ ಹಿಂಗಿರಲಿಲ್ಲ. ಆವಾಗ ಹದವಾಗಿತ್ತು. ಈಗ ಹದ ಮೀರೈತೆ."

"ಮೂವತ್ತೊಂದೂವರೆ ಡಿಗ್ರಿ ಉಂಟು, ಹೌದು. ಹಾಲುಗಲ್ಲಿನಲ್ಲಿ ಈಗ ಅಷ್ಟೇ ಇರೋದು. ಏಪ್ರಿಲ್ ಅಲ್ವಾ."

"ಅಲ್ಲಿ ಅಷ್ಟೇ ಇದ್ರೆ ಅಲ್ಲೂ ಹೆಚ್ಚೇ ಆತಲ್ರಿ."

"ಹಾಗಲ್ಲ ಅಮ್ಮಾ." ದೇವಿದಾಸ ತಾಳ್ಮೆಯಿಂದ, ಸಣ್ಣ ಮಕ್ಕಳಿಗೆ ಹೇಳುವವನಂತೆ ವಿವರಿಸಿದ. "ನಮ್ಮ ಅಳತೆಗೋಲೇ ಕಡಲು. ಮೀನು ಅಲ್ಲೇ ಹುಟ್ಟಿದ್ದು. ಅಲ್ಲಿ ಹೇಗಿದೆಯೋ ಅದೇ ಸರಿ. ನಾವು ತಪ್ಪು ಮಾಡಬಹುದು, ಕಡಲು ಮಾಡೋದಿಲ್ಲ."

"ಯಾಕ್ರಿ, ಕಡಲಿಗೆ ಜ್ವರ ಬರಬಾರದಾ?"

ದೇವಿದಾಸ ನಕ್ಕುಬಿಟ್ಟ. ಆ ನಗು ತನ್ನನ್ನು ಬಹಳ ವರ್ಷ ಕಾಡಿತು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಆಗ ಮಾತ್ರ ಅವನಿಗೆ ಅವಸರ. ಆ ವಾರ ಒಟ್ಟು ನಲವತ್ತು ಮನೆಗಳಿಂದ ಕರೆ ಬಂದಿತ್ತು. "ನಾಲ್ಕು ದಿನ ನೋಡುವಾ. ಅಷ್ಟರಲ್ಲಿ ತಿನ್ನದಿದ್ರೆ ನಾನು ಒಯ್ಯಲೇಬೇಕು. ನನಗೂ ಖುಷಿ ಇಲ್ಲ," ಎಂದು ಹೇಳಿ ಹೊರಟ.

ಅವನ ಗಾಡಿ ಓಣಿಯ ತಿರುವು ದಾಟಿತೋ ಇಲ್ಲವೋ, ಖಮರುನ್ನಿಸಾ ಸ್ಟೂಲು ಹತ್ತಿ ಪೆಟ್ಟಿಗೆಯ ಕೆಂಪು ಕೊಂಡಿಯನ್ನು ಹಿಡಿದು ಎಳೆದಳು. ಪೆಟ್ಟಿಗೆ ಕಡಲಿನ ಲೆಕ್ಕದಂತೆ ತೊಟ್ಟಿಯ ನೀರನ್ನು ಬದಲಿಸುತ್ತಿದ್ದದ್ದು ಅದರ ಮೂಲಕ, ಅಂಕ ಕೊಡುವುದು ಮಾತ್ರ ನಿಲ್ಲುವಂತಿರಲಿಲ್ಲ. ನೀರು ಸುತ್ತಿಸುವ ಪಂಪು ಬೇರೆ ಇತ್ತು, ಅದನ್ನು ಮುಟ್ಟಲಿಲ್ಲ.

"ಅಯ್ಯೋ, ಸರ್ಕಾರದ ಸಾಮಾನು!" ಎಂದು ಗೌಸ್‌ಸಾಬ್ ಹೌಹಾರಿದ.

"ಸಾಮಾನಿಗೆ ಏನೂ ಆಗಿಲ್ಲ. ಹೋಗು, ಭಟ್ಟಿಯಿಂದ ಹಳೆಯ ಗೋಣಿಚೀಲ ತೆಗೆದುಕೊಂಡು ಬಾ. ನಾಲ್ಕು. ಇಲ್ಲ, ಆರು ತಾ. ಮೇಜಿನ ಫ್ಯಾನೂ ಬೇಕು."

ನೀರನ್ನು ಒಮ್ಮೆಲೇ ತಣ್ಣಗೆ ಮಾಡಿದರೆ ಮೀನು ಸಾಯುತ್ತದೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾದ ಅಕ್ಕಿಗೆ ತಣ್ಣೀರು ಬಿದ್ದರೆ ಒಡೆದು ನುಚ್ಚಾಗುವುದನ್ನು ನೋಡಿಯೇ ಬೆಳೆದವಳು. ಗೋಣಿಗಳನ್ನು ಒದ್ದೆ ಮಾಡಿ ಗಾಜಿನ ಸುತ್ತ ಕಟ್ಟಿದಳು, ಮುಂದಿನ ಮುಖ ಮಾತ್ರ ಬಿಟ್ಟಳು. ನೀರಿನ ಮೇಲೆ ಸವರುವಂತೆ ಫ್ಯಾನು ತಿರುಗಿಸಿದಳು. ಬಯಲುಸೀಮೆಯ ಏಪ್ರಿಲ್ ಗಾಳಿ ಎಂದರೆ ಒಣಗಿದ ಗಾಳಿ. ಒದ್ದೆಯದ್ದೇನು ಸಿಕ್ಕರೂ ಹೀರಿ, ಹೀರಿದ ಜಾಗವನ್ನು ತಂಪು ಮಾಡಿ ಹೋಗುತ್ತದೆ. ಕರಾವಳಿಯ ಜಿಗುಟು ಸೆಕೆಯಲ್ಲಿ ಈ ಉಪಾಯ ನಡೆಯುತ್ತಲೇ ಇರಲಿಲ್ಲ. ದೇವಿದಾಸನಿಗೆ ಇದು ಹೊಳೆಯದಿದ್ದದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಸಂಜೆಯ ಹೊತ್ತಿಗೆ ತೊಟ್ಟಿಯ ನೀರು ಒಂದು ಬೆರಳಷ್ಟು ಇಳಿದಿತ್ತು. ಹೊಸದಾಗಿ ಮೀನು ಸಾಕುವವರು ಇಂಥಲ್ಲೇ ಎಡವುವುದು. ಉಪ್ಪುನೀರಿನ ತೊಟ್ಟಿಯಲ್ಲವೇ ಎಂದು ಮತ್ತೆ ಉಪ್ಪುನೀರನ್ನೇ ಸುರಿಯುತ್ತಾರೆ. ಖಮರುನ್ನಿಸಾ ಸುರಿಯಲಿಲ್ಲ. ಆವಿಯಾಗಿ ಹೋಗುವುದು ನೀರು, ಉಪ್ಪು ಅಲ್ಲೇ ಕೂತಿರುತ್ತದೆ ಎನ್ನುವುದು ಉಪ್ಪುನೀರಿನ ಹಂಡೆಯ ಮುಂದೆ ಮೂವತ್ತು ವರ್ಷ ಕಳೆದವಳಿಗೆ ಗೊತ್ತಿಲ್ಲವೇ? ಗಾಜಿನ ಮೇಲೆ ಇದ್ದಿಲಿನಿಂದ ಗೀರೆಳೆದು, ಕಾಯಿಸಿ ಆರಿಸಿದ ಸಿಹಿನೀರನ್ನು ಆ ಗೀರಿನ ತನಕ ಹನಿಹನಿಯಾಗಿ ತುಂಬಿದಳು. ಆಮೇಲೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ಕಣ್ಣುಮುಚ್ಚಿ ನಿಂತಳು. ಸರಿಯಿತ್ತು.

ಮರುದಿನ ಫೋನು ಬಂತು. "ಅಮ್ಮಾ, ನಿಮ್ಮ ಸಾಮ್ಯಾಂಕ ಎಂಬತ್ತೊಂದಕ್ಕೆ ಇಳಿದಿದೆ! ಕೊಂಡಿ ಬಿಟ್ಟುಹೋಗಿದೆ, ನೋಡಿ," ಎಂದ ದೇವಿದಾಸ.

"ಬಿಟ್ಟುಹೋಗಿಲ್ರಿ. ನಾನೇ ಕಿತ್ತೀನಿ."

"ಎಂತ ಮಾಡಿದ್ರಿ ಮಾರಾಯ್ರೆ! ಮೀನು ಸಾಯ್ತದೆ!"

"ನಿಮ್ಮ ಕೊಂಡಿ ಇದ್ದಾಗಲೂ ಸಾಯ್ತಿತ್ತಲ್ರಿ. ಸತ್ರೆ ನನ್ನ ಕೈಯಾಗೆ ಸಾಯ್ಲಿ. ಆದ್ರೆ ಸಾಯಾಕೆ ಬಿಡಲ್ಲ ನಾನು."

ದೇವಿದಾಸ ಬೇಡಿಕೊಂಡ, ಗದರಿದ, ನಿಯಮದ ಕಲಮು ಓದಿದ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಆತ್ರಿ, ಬರ್ರಿ, ಮಂಡಕ್ಕಿ ಮೆಣಸಿನಕಾಯಿ ಮಾಡಿರ್ತೀನಿ," ಎಂದು ಫೋನಿಟ್ಟಳು. ಆದರೂ ಭಯವಾಗಿತ್ತು ಆಕೆಗೆ. ಓದಿದವರು ಹೇಳುವುದೇ ನಿಜವಾಗಿದ್ದರೆ ತಾನೇ ಬೇಗಂಳನ್ನು ಕೊಂದಂತಾಗುತ್ತದೆ. ಆ ಯೋಚನೆ ಬಂದಾಗೆಲ್ಲ ಎದ್ದು ಹೋಗಿ ಗೋಣಿಗೆ ನೀರು ಚಿಮುಕಿಸಿದಳು. ಕೂತು ಚಿಂತೆ ಮಾಡುವುದಕ್ಕಿಂತ ಅದು ವಾಸಿ ಎನಿಸಿತು.

ದಿನಕ್ಕೆ ಒಂದು ಡಿಗ್ರಿಯ ಲೆಕ್ಕದಲ್ಲಿ ನೀರು ತಂಪಾಗುತ್ತ ಬಂತು. ಪ್ರತಿ ಡಿಗ್ರಿಗೂ ಪೆಟ್ಟಿಗೆ ಬೊಬ್ಬೆ ಹೊಡೆಯಿತು. "ಸಾಮ್ಯಾಂಕ ಅರವತ್ತೆರಡು. ಅಪಾಯ." "ಸಾಮ್ಯಾಂಕ ನಲವತ್ತೊಂಬತ್ತು. ಕೂಡಲೇ ಕೇಂದ್ರವನ್ನು ಸಂಪರ್ಕಿಸಿ." ಗೌಸ್‌ಸಾಬ್ ಕಿವಿ ಮುಚ್ಚಿಕೊಂಡು ಓಡಾಡಿದ. ಖಮರುನ್ನಿಸಾ ಮೀನಿನ ಕಿವಿರು ಬಡಿಯುವುದನ್ನು ಎಣಿಸುತ್ತ ಕೂತಳು. ನಿಮಿಷಕ್ಕೆ ನೂರ ಮೂವತ್ತು ಇದ್ದದ್ದು ನೂರ ಹತ್ತಾಯಿತು, ತೊಂಬತ್ತೈದಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಬೇಗಂ ಕಲ್ಲಿನ ಸಂದಿ ಬಿಟ್ಟು ಹೊರಬಂತು. ಆಕೆ ಉಸಿರು ಬಿಗಿಹಿಡಿದು ಎಲೆ ಇಳಿಸಿದಳು. ಮೀನು ಅದರ ಸುತ್ತ ಒಂದು ಸುತ್ತು ಹಾಕಿ, ಬಾಯಿ ಹಾಕಿ, ತುಂಡು ಕಿತ್ತಿತು.

"ತಿಂತು! ಏ, ಬೇಗ ಬಾ, ತಿಂತು!" ಎಂದು ಆಕೆ ಕೂಗಿದ ಕೂಗಿಗೆ ಓಣಿಯವರೆಲ್ಲ ಯಾರಿಗೋ ಏನೋ ಆಯಿತೆಂದು ಓಡಿ ಬಂದರು. ಖಮರುನ್ನಿಸಾ ನೆಲದ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

ಮಧ್ಯಾಹ್ನ ದೇವಿದಾಸ ಮೀನು ಒಯ್ಯುವ ಡಬ್ಬಿ ಹಿಡಿದೇ ಒಳಗೆ ಬಂದ. ಪೆಟ್ಟಿಗೆ ಆಗಷ್ಟೇ, "ಸಾಮ್ಯಾಂಕ ಮೂವತ್ತೆಂಟು, ಅಪಾಯ," ಎಂದಿತ್ತು. ಅದರ ಕೆಳಗೆ ಬೇಗಂ ಉಂಗುರ ತೊಡಿಸಿದಂತೆ ಹೊಳೆಯುವ ಕಣ್ಣು ತಿರುಗಿಸುತ್ತ, ಮಾಸಿಹೋಗಿದ್ದ ಹಳದಿ ಗೀರುಗಳನ್ನು ಮತ್ತೆ ತುಂಬಿಕೊಂಡು, ಎರಡನೆಯ ಎಲೆ ತಿನ್ನುತ್ತಿತ್ತು. ದೇವಿದಾಸ ಡಬ್ಬಿಯನ್ನು ನೆಲಕ್ಕಿಟ್ಟ. ತೊಟ್ಟಿಯ ಬಿಸಿ ನೋಡಿದ. ಇಪ್ಪತ್ತೇಳೂವರೆ. ಉಪ್ಪು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೂರು ಸಲ ನೋಡಿದ.

"ಸಾಮ್ಯಾಂಕ ಇಳಿದ ಹಾಗೆಲ್ಲ ಮೀನು ಸುಧಾರಿಸಿದೆ," ಎಂದು ತನಗೆ ತಾನೇ ಹೇಳಿಕೊಂಡ.

"ಹೌದ್ರಿ."

"ಹಾಗಾದ್ರೆ ಸಾಮ್ಯಾಂಕ ಏರಿದ ಹಾಗೆಲ್ಲ..." ಅವನು ಮೆಲ್ಲಗೆ ಕುರ್ಚಿಯಲ್ಲಿ ಕೂತ. ಖಮರುನ್ನಿಸಾ ಕೊಟ್ಟ ನೀರಿನ ಲೋಟ ಅವನ ಕೈಯಲ್ಲೇ ಉಳಿಯಿತು. "ಅಮ್ಮಾ, ನೂರಕ್ಕೆ ನೂರು ಸಾಮ್ಯಾಂಕ ಇರೋ ಜಾಗ ಒಂದೇ. ಅದು ಹಾಲುಗಲ್ಲು. ಅಲ್ಲಿರುವ ಮೀನುಗಳ ಗತಿ ಎಂತ?"

ಅಲ್ಲಿಯ ಮೀನುಗಳನ್ನು ಎರಡು ವರ್ಷದಿಂದ ಯಾರೂ ಇಳಿದು ನೋಡಿರಲಿಲ್ಲ. ಯಾಕೆ ನೋಡಬೇಕು? ಗೂಟವಿತ್ತು, ಅಂಕಿಗಳು ಬರುತ್ತಿದ್ದವು, ಕಡಲೇ ಅಳತೆಗೋಲು ಎಂದ ಮೇಲೆ ಅಳತೆಗೋಲನ್ನು ಅಳೆಯುವವರಾರು? ಅವನು ಅಲ್ಲಿಂದಲೇ ಫೋನು ಮಾಡಿ ಮುಳುಗುಗಾರರನ್ನು ಕಳಿಸಿದ. ಸಂಜೆಗೆ ಉತ್ತರ ಬಂತು. ಹವಳಗಳು ಬಿಳಿಚತೊಡಗಿದ್ದವು. ಕಿನ್ನರಿಗಳು ಏಳೇ ಏಳು ಉಳಿದಿದ್ದವು, ಅವೂ ಬಂಡೆಯ ಬಿರುಕುಗಳಲ್ಲಿ ಅವಿತು ಏದುಸಿರು ಬಿಡುತ್ತಿದ್ದವು.

ದೇವಿದಾಸ ಅತ್ತ. ಮೀಸೆ ಬಂದ ಗಂಡಸು, ಪರರ ಮನೆಯ ಕುರ್ಚಿಯಲ್ಲಿ ಕೂತು ಅತ್ತ. ಗೌಸ್‌ಸಾಬ್ ಏನು ಮಾಡಬೇಕೆಂದು ತೋಚದೆ ಮಂಡಕ್ಕಿಯ ತಟ್ಟೆಯನ್ನು ಅವನ ಮುಂದೆ ಸರಿಸಿದ.

ಮುಂದಿನ ವಾರ ಇನ್ನೊಂದು ಸಂಗತಿ ಬಯಲಾಯಿತು. ಮುನ್ನೂರ ಹನ್ನೆರಡು ಮನೆಗಳಲ್ಲಿ ಇನ್ನೂರ ತೊಂಬತ್ತರಲ್ಲಿ ಮೀನು ಮೇವು ಬಿಟ್ಟಿತ್ತು. ಆದರೆ ಕೇಂದ್ರಕ್ಕೆ ಕರೆ ಮಾಡಿದವರು ನಲವತ್ತು ಜನ ಮಾತ್ರ. ಮಿಕ್ಕವರು ತಮ್ಮ ಅಡುಗೆಯ ಒಗ್ಗರಣೆಯೋ, ನೆಲ ಒರೆಸುವ ಫಿನಾಯಿಲೋ ಕಾರಣವೆಂದು ನಾಚಿಕೊಂಡು ಬಾಯಿ ಮುಚ್ಚಿಕೊಂಡಿದ್ದರು. ರಾಣೆಬೆನ್ನೂರಿನ ಒಬ್ಬ ಮೇಷ್ಟ್ರು ತಾನು ಸೇದುವ ಬೀಡಿಯೇ ಮೀನಿಗೆ ಮುಳುವಾಯಿತೆಂದು ನಲವತ್ತು ವರ್ಷದ ಚಟ ಬಿಟ್ಟಿದ್ದರು. ಎಲ್ಲರಿಗೂ ತಮ್ಮ ಮೇಲೆ ಅನುಮಾನ, ಪೆಟ್ಟಿಗೆಯ ಮೇಲೆ ಯಾರಿಗೂ ಇಲ್ಲ. ದೇವಿದಾಸ ಅಷ್ಟೂ ಮನೆಗಳಿಗೆ ತಾನೇ ಫೋನು ಮಾಡಿ, "ತಪ್ಪು ನಿಮ್ಮದಲ್ಲ, ನನ್ನದು. ಕೊಂಡಿ ಕಿತ್ತುಹಾಕಿ," ಎಂದ. ಗೋಣಿ ಕಟ್ಟುವುದು ಹೇಗೆ, ಸಿಹಿನೀರು ತುಂಬುವುದು ಹೇಗೆ ಎಂದು ಖಮರುನ್ನಿಸಾ ಹೇಳಿದಳು. ಇನ್ನೂರ ಎಪ್ಪತ್ತೊಂದು ಮೀನುಗಳು ಉಳಿದವು.

ಇನ್ನು ಹಾಲುಗಲ್ಲಿನ ಪ್ರಶ್ನೆ. ಅಲ್ಲಿ ದೂರದ ಆಳದಿಂದ ತಂಪುನೀರನ್ನು ಎತ್ತಿ ಹವಳದ ಮೇಲೆ ಬಿಡುವ 'ಆಳನೀರಿನ ಕೊಳವೆ'ಗಳನ್ನು ಎಷ್ಟೋ ವರ್ಷಗಳ ಹಿಂದೆಯೇ ಹಾಕಿದ್ದರು. ಹಾಕಿ ಸುಮ್ಮನೆ ಬಿಟ್ಟಿದ್ದರು. ಕಡಿಮೆ ಬಿಟ್ಟರೆ ಪ್ರಯೋಜನವಿಲ್ಲ, ಹೆಚ್ಚು ಬಿಟ್ಟರೆ ಹವಳ ಸಾಯುತ್ತದೆ. ಯಾವ ಹೊತ್ತಿಗೆ ಎಷ್ಟು ಎನ್ನುವುದರ ಮೇಲೆ ಏಳು ಸಮಿತಿಗಳು ಕೂತು ಎದ್ದಿದ್ದವು. ದೇವಿದಾಸ ಖಮರುನ್ನಿಸಾಳ ಮನೆಯ 'ಜೋಡಿಕಡಲು' ಪೆಟ್ಟಿಗೆಯನ್ನು ಬಿಚ್ಚಿ ಅದರ ಕೊಂಡಿಯನ್ನು ಹಿಂದುಮುಂದಾಗಿ ಜೋಡಿಸಿದ. ಇನ್ನು ಮೇಲೆ ತೊಟ್ಟಿ ಕಡಲನ್ನು ಅನುಸರಿಸುವುದಿಲ್ಲ. ತೊಟ್ಟಿ ಹೇಗಿದೆಯೋ ಹಾಗೆ ಕಡಲನ್ನು ಇಡಲು ಕೊಳವೆಗಳು ನೀರು ಬಿಡುತ್ತವೆ.

"ಮಂಡಕ್ಕಿ ಭಟ್ಟಿಯ ಹೆಂಗಸಿನ ತೊಟ್ಟಿಯನ್ನು ನೋಡಿಕೊಂಡು ಅರಬ್ಬಿ ಸಮುದ್ರ ನಡೆಯಬೇಕೇ?" ಎಂದು ಎಂಟನೆಯ ಸಮಿತಿಯ ಅಧ್ಯಕ್ಷರು ಸಿಡುಕಿದರು.

"ಇಡೀ ಸಮುದ್ರ ಅಲ್ಲ ಸಾರ್, ನಾಲ್ಕು ಎಕರೆ. ಬೇರೆ ಯಾರಿಗಾದರೂ ಹದ ಗೊತ್ತಿದ್ದರೆ ಹೇಳಿ," ಎಂದ ದೇವಿದಾಸ.

ಹೀಗೆ ಆ ಮೇ ತಿಂಗಳಿಂದ ಹಾಲುಗಲ್ಲಿನ ಕಡಲು ದಾವಣಗೆರೆಯ ಮಾತು ಕೇಳತೊಡಗಿತು. ಖಮರುನ್ನಿಸಾ ಫ್ಯಾನು ಒಂದು ಸುತ್ತು ಹೆಚ್ಚಿಸಿದರೆ ಅಲ್ಲಿ ಕೊಳವೆಯ ಬಾಯಿ ಅಷ್ಟೇ ತೆರೆದುಕೊಳ್ಳುತ್ತಿತ್ತು. ಬಿಳಿಚಿದ ಹವಳ ಸೆಪ್ಟೆಂಬರ್ ಹೊತ್ತಿಗೆ ಬಣ್ಣ ತುಂಬಿಕೊಂಡಿತು. ಬಿರುಕುಗಳಲ್ಲಿ ಅವಿತಿದ್ದ ಏಳು ಕಿನ್ನರಿಗಳು ಹೊರಬಂದವು. ಬೇಗಂಳನ್ನು ಖಮರುನ್ನಿಸಾಳಿಂದ ಯಾರೂ ಯಾವ ಕಾಲಕ್ಕೂ ಒಯ್ಯಕೂಡದೆಂದು ಕೇಂದ್ರ ಆದೇಶ ಹೊರಡಿಸಿತು. ಆಕೆ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಕ್ಟೋಬರಿನಲ್ಲಿ ಬೇಗಂ ಒಂದು ಹೊಸ ಚಾಳಿ ಶುರುಮಾಡಿತು. ದಿನವೂ ಹೊತ್ತು ಇಳಿಯುವಾಗ ರೆಕ್ಕೆ ಬಿಚ್ಚಿಕೊಂಡು ತೊಟ್ಟಿಯ ತಳದಿಂದ ಮೇಲಕ್ಕೆ, ನೀರಿನ ತುದಿಯ ತನಕ ಏರುತ್ತಿತ್ತು. ಅಲ್ಲಿ ಒಂದು ಕ್ಷಣ ವಾಲಿಕೊಂಡು ನಿಂತು, ಮತ್ತೆ ಕೆಳಗಿಳಿಯುತ್ತಿತ್ತು. ಕಾಯಿಲೆಯೇನೋ ಎಂದು ಆಕೆ ದೇವಿದಾಸನನ್ನು ಕರೆಸಿದಳು.

ಅವನು ಸಂಜೆಯ ತನಕ ಕೂತು ನೋಡಿ, "ಕಾಯಿಲೆ ಅಲ್ಲ ಅಮ್ಮಾ. ಇದು ಹೆಣ್ಣು, ಪ್ರಾಯಕ್ಕೆ ಬಂದಿದೆ. ಕಡಲಲ್ಲಿ ಸಂಜೆ ಹೊತ್ತು ಗಂಡು ಹೆಣ್ಣು ಒಟ್ಟಿಗೆ ಹೀಗೆ ಮೇಲೇರಿ ತತ್ತಿ ಬಿಡ್ತಾವೆ. ಇದು ಒಂದೇ ಏರ್ತಾ ಇದೆ," ಎಂದ.

"ಇನ್ನೊಂದು ತಂದು ಬಿಟ್ರೆ?"

"ಕಿನ್ನರಿಗಳಿಗೆ ಜಾಗ ಬೇಕು. ಈ ತೊಟ್ಟಿಯಲ್ಲಿ ಎರಡು ಬಿಟ್ರೆ ಹೊಡೆದಾಡ್ತಾವೆ, ಒಂದು ಸಾಯ್ತದೆ."

ಖಮರುನ್ನಿಸಾ ಮೂರು ಸಂಜೆ ತೊಟ್ಟಿಯ ಮುಂದೆ ಕೂತು ಬೇಗಂ ಏರುವುದನ್ನೂ ಇಳಿಯುವುದನ್ನೂ ನೋಡಿದಳು. ನಾಲ್ಕನೆಯ ದಿನ ದೇವಿದಾಸನಿಗೆ ಫೋನು ಮಾಡಿ, "ಡಬ್ಬಿ ತಗೊಂಡು ಬರ್ರಿ. ಅವಳನ್ನ ಕಳಿಸ್ಬೇಕು," ಎಂದಳು.

"ಆದೇಶ ಇದೆಯಲ್ಲ ಅಮ್ಮಾ, ಅದು ನಿಮ್ಮದೇ. ಅವತ್ತು ಕೊಡೋದಿಲ್ಲ ಅಂತ ನನ್ನ ಹತ್ರ ಅಷ್ಟು ಜಗಳ ಆಡಿದವರು ನೀವೇ ಅಲ್ವಾ?"

"ಅವತ್ತು ಕೊಟ್ಟಿದ್ರೆ ಸಾಯ್ತಿದ್ಳು. ಈಗ ಇಟ್ಕೊಂಡ್ರೆ ಏನು ಬದುಕ್ರಿ ಅದು? ಮತ್ತೆ ಅಲ್ಲಿರೋದು ನನ್ನ ನೀರೇ ಅಲ್ಲೇನ್ರಿ?"

ಡಿಸೆಂಬರಿನ ಒಂದು ಬೆಳಿಗ್ಗೆ ಖಮರುನ್ನಿಸಾ ಜೀವನದಲ್ಲಿ ಮೊದಲ ಸಲ ಕಡಲು ನೋಡಿದಳು. ದೇವಿದಾಸನ ಚಿಕ್ಕಪ್ಪನ ದೋಣಿಯಲ್ಲಿ ಹಾಲುಗಲ್ಲಿನ ತನಕ ಹೋಗುವಷ್ಟರಲ್ಲಿ ಗೌಸ್‌ಸಾಬ್ ಎರಡು ಸಲ ವಾಂತಿ ಮಾಡಿಕೊಂಡ. ಆಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲುಗದೆ ಕೂತಿದ್ದಳು. ದೋಣಿ ನಿಂತ ಮೇಲೆ ಅಂಚಿಗೆ ಬಗ್ಗಿ ಮಣಿಕಟ್ಟಿನ ತನಕ ಕೈಯನ್ನು ಕಡಲಿಗೆ ಇಳಿಸಿದಳು. "ಸರಿ ಐತೆ," ಎಂದಳು. ಡಬ್ಬಿ ಓರೆ ಮಾಡಿದಳು. ಬೇಗಂ ಹೊರಗೆ ಬಂದು, ಅವಳ ಬೆರಳುಗಳ ಬಳಿ ಸ್ವಲ್ಪ ಹೊತ್ತು ಸುಳಿದಾಡಿ, ಕೆಳಗಿನ ಹವಳದ ಕಡೆಗೆ ಇಳಿದುಹೋಯಿತು. ಖಮರುನ್ನಿಸಾ ಬಿಕ್ಕಿ ಬಿಕ್ಕಿ ಅತ್ತಳು. ದೋಣಿಯಲ್ಲಿದ್ದ ಗಂಡಸರು ಯಾರೂ ಸಮಾಧಾನ ಹೇಳುವ ತಪ್ಪು ಮಾಡಲಿಲ್ಲ.

ದಾವಣಗೆರೆಯ ತೊಟ್ಟಿಯಲ್ಲಿ ಬರೀ ನೀರು ಉಳಿಯಿತು, ಕಡಲಿನ ಕೊಂಡಿ ಮಾತ್ರ ಹಾಗೇ ಇತ್ತು. ಬೇರೆ ಮೀನು ತಂದುಕೊಡುತ್ತೇನೆಂದ ದೇವಿದಾಸ, ಆಕೆ ಬೇಡವೆಂದಳು. ತೊಟ್ಟಿಯ ಪಕ್ಕ ಒಂದು ಪರದೆ ಹಾಕಿಕೊಟ್ಟ. ಕಡಲಗೂಟಕ್ಕೆ ಕಟ್ಟಿದ ಕ್ಯಾಮೆರಾ ಕಂಡದ್ದೆಲ್ಲ ಅದರಲ್ಲಿ ಕಾಣುತ್ತದೆ. ಬೇಗಂ ದಿನಕ್ಕೆ ಒಂದೋ ಎರಡೋ ಸಲ ಅದರ ಮುಂದೆ ಹಾದುಹೋಗುತ್ತಿತ್ತು, ಜೊತೆಗೆ ಇನ್ನೊಂದಿರುತ್ತಿತ್ತು. ಸಂಜೆಯ ಮಬ್ಬಿನಲ್ಲಿ ಎರಡೂ ಒಟ್ಟಿಗೆ ಮೇಲೇರುವುದು ಒಮ್ಮೊಮ್ಮೆ ಅರೆಬರೆಯಾಗಿ ಕಾಣಿಸುತ್ತಿತ್ತು. ಪರದೆಯಲ್ಲಿ ಬೇಗಂ ಸ್ವಲ್ಪ ಮಂಕಾಗಿ ಕಂಡರೂ ಖಮರುನ್ನಿಸಾ ಎದ್ದು ಹೋಗಿ ಖಾಲಿ ತೊಟ್ಟಿಗೆ ಫ್ಯಾನು ತಿರುಗಿಸುತ್ತಿದ್ದಳು, ಮಣಿಕಟ್ಟು ಇಳಿಸಿ ನೋಡುತ್ತಿದ್ದಳು, ಸಿಹಿನೀರು ತುಂಬುತ್ತಿದ್ದಳು. ಮೀನಿಲ್ಲದ ನೀರಿಗೆ ಗಾಳಿ ಹಾಕುವ ಈ ಹೆಂಗಸನ್ನು ನೋಡಿ ಹೊಸಬರು ಮುಸಿಮುಸಿ ನಗುತ್ತಿದ್ದರು.

ಮರುವರ್ಷ ಏಪ್ರಿಲ್‌ನಲ್ಲಿ ರಾಯಚೂರಿನಿಂದ ತಂಗಿ ಫೋನು ಮಾಡಿದಳು. ಮಗಳ ನಿಕಾಹ್, ನಾಲ್ಕು ದಿನ ಮುಂಚೆ ಬಂದು ಇರಬೇಕು ಎಂದು ಹಟ ಹಿಡಿದಳು.

"ನಿಕಾಹ್ ದಿನ ಬೆಳಿಗ್ಗೆ ಬಂದು ಸಂಜೆ ಹೊರಡ್ತೀನಿ," ಎಂದಳು ಖಮರುನ್ನಿಸಾ. "ಬಿಸಿಲು ಏರ್ತಿದೆ. ತೊಟ್ಟಿ ಬಿಟ್ಟು ಬರೋಕಾಗಲ್ಲ."

"ಯಾ ಅಲ್ಲಾ! ಖಾಲಿ ತೊಟ್ಟಿಯನ್ನ ಕಾಯ್ಕೊಂಡು ಕೂರ್ತೀಯಾ, ಅಕ್ಕಾ?"

"ಖಾಲಿ ಯಾಕೆ? ಮೀನು ಸ್ವಲ್ಪ ದೂರ ಹೋಗಿದೆ, ಅಷ್ಟೆ."